ಸೀಟಕ್ಕನ ಅಳತೆ

ಗಾಡಿಯ ಸೀಟು ಹೊಲಿಯುವವರು ಆ ಸೀಟಿನಲ್ಲಿ ಕೂತು ಎಲ್ಲಿಗೂ ಹೋಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ವಿಷಯ. ಗೊತ್ತಿಲ್ಲವೆಂದರೆ ನೀವು ಆ ಸೀಟಿಗೆ ಒರಗಿ ಕೂತವರು ಅಂತಲೇ ಅರ್ಥ. ಬೆನ್ನಿಗೆ ಹಿತವಾಗಿರುವಾಗ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ?

ಬಸ್ ಡಿಪೋದ ಹಿಂದಿನ ಗೋಡೆಗೆ ಆತುಕೊಂಡು ಆರು ಗ್ಯಾರೇಜುಗಳು ಸಾಲಾಗಿ ನಿಂತಿವೆ. ಬ್ಯಾಟರಿ ಅಂಗಡಿಗೂ ಬಣ್ಣ ಹೊಡೆಯುವವನ ಶೆಡ್ಡಿಗೂ ನಡುವೆ ಒಂದು ಕೋಣೆ. ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಅದರೊಳಗೆ ಮೂವತ್ತು ವರ್ಷದಿಂದ ಒಬ್ಬ ಹೆಂಗಸು ಸೀಟು ಹೊಲಿಯುತ್ತಾಳೆ. ಇಡೀ ಸಾಲಿಗೆ ಅವಳು ಸೀಟಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಉಳಿದವನು ಗಂಡ ಒಬ್ಬ; ಅವನು ಮದುವೆಯಾದಾಗಿನಿಂದ ‘ಏ’ ಅನ್ನುವುದರಲ್ಲೇ ಕೆಲಸ ಮುಗಿಸುತ್ತಾ ಬಂದಿದ್ದಾನೆ.

ಕೋಣೆಯೊಳಗೆ ಒಂದು ಭಾರದ ಹೊಲಿಗೆ ಯಂತ್ರ. ನಾಲ್ಕು ಪದರ ರೆಕ್ಸಿನ್ ಕೊಟ್ಟರೂ ಗೊಣಗದೆ ನುಂಗುವಂಥದ್ದು. ಗೋಡೆಗೆ ಒರಗಿಸಿಟ್ಟ ಫೋಮಿನ ಹಾಳೆಗಳು. ಹಳೆ ಬಟ್ಟೆಯ ಉಂಡೆಗೆ ಚುಚ್ಚಿಟ್ಟ, ಬಿಲ್ಲಿನ ಹಾಗೆ ಬಾಗಿದ ಸೂಜಿಗಳು. ಬಾಗಿಲ ಹಿಂದಿನ ಮೂಲೆಯಲ್ಲಿ ಕಂದು ಕಾಗದದ ದೊಡ್ಡ ದೊಡ್ಡ ಸುರುಳಿಗಳು, ಮಳೆಗಾಲ ಮುಗಿದ ಮೇಲೆ ಒಟ್ಟಿಗೆ ನಿಲ್ಲಿಸಿಟ್ಟ ಛತ್ರಿಗಳ ಹಾಗೆ.

ಆ ಸುರುಳಿಗಳ ಹಿಂದೆ ಅವಳ ಒಂದು ಹಟವಿದೆ. ಮಲಗುವ ಗಾಡಿ ಯಾವುದೇ ಬರಲಿ, ಮಲಗುವವರು ಖುದ್ದಾಗಿ ಬಂದು ಮಲಗಬೇಕು. ದೂರದ ಊರಿಗೆ ಹೋಗುವ ಲಾರಿಗಳ ಕ್ಯಾಬಿನ್ನಿನಲ್ಲಿ ಡ್ರೈವರ್ ಬೆನ್ನ ಹಿಂದೆ ಒಂದು ಹಲಗೆ ಇರುತ್ತದಲ್ಲ, ಅದಕ್ಕೆ ಹಾಸಿಗೆ ಬೇಕೆಂದರೂ ಅಷ್ಟೇ. ಅವಳು ನೆಲದ ಮೇಲೆ ಕಂದು ಕಾಗದ ಹಾಸುತ್ತಾಳೆ. “ಚಪ್ಪಲಿ ಬಿಡಿ, ಮಲಗಿ, ಕಣ್ಣು ಮುಚ್ಚಿ” ಅನ್ನುತ್ತಾಳೆ. ಮೊದಲು ಎಲ್ಲರೂ ಫೋಟೋಗೆ ನಿಂತವರ ಹಾಗೆ ಬಿಗಿಯಾಗಿ ಮಲಗುತ್ತಾರೆ. ಅವಳು ತಲೆ ಕೆಡಿಸಿಕೊಳ್ಳದೆ ಬೇರೆ ಕೆಲಸ ನೋಡುತ್ತಾಳೆ. ಐದು ನಿಮಿಷದಲ್ಲಿ ಮೈ ಸಡಿಲವಾಗುತ್ತದೆ, ಒಬ್ಬನ ಮಂಡಿ ಮಡಚುತ್ತದೆ, ಇನ್ನೊಬ್ಬನ ಕೈ ಆಚೆ ಚಾಚುತ್ತದೆ. ಆಗ ಸೀಮೆಸುಣ್ಣ ಹಿಡಿದು ಬಂದು ಸುತ್ತ ಗೆರೆ ಎಳೆಯುತ್ತಾಳೆ.

“ಟೇಪು ನಿಂತವರ ಉದ್ದ ಹೇಳುತ್ತೆ,” ಅನ್ನುವುದು ಅವಳ ಮಾತು. “ಮಲಗಿದ ಮೇಲೆ ಮನುಷ್ಯನೇ ಬೇರೆ.”

ಒಮ್ಮೆ ಆಂಬುಲೆನ್ಸಿನ ಮಂಚಕ್ಕೆ ಅಳತೆ ಬೇಕಾಗಿ ಅದರ ಡ್ರೈವರನ್ನೇ ಮಲಗಿಸಿದ್ದಳು. ಅವನು ಅರ್ಧ ನಿಮಿಷ ಮಲಗಿ, ಏನೋ ನೆನಪಾದವನಂತೆ ಎದ್ದು ಓಡಿದ್ದನ್ನು ಸಾಲಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಕೆಲಸ ಮುಗಿದ ಮೇಲೂ ಕಾಗದಗಳನ್ನು ಅವಳು ಎಸೆಯುವುದಿಲ್ಲ. ಅಂಚಿನಲ್ಲಿ ‘ಲಾರಿ, ಎಡಗೈ ಚಾಚ್ತಾನೆ’, ‘ಗೊರಕೆ, ದಿಂಬು ಎತ್ತರ’ ಎಂದು ಗೀಚಿ ಸುತ್ತಿಡುತ್ತಾಳೆ. ಮೂವತ್ತು ವರ್ಷದಲ್ಲಿ ಎಲ್ಲೆಲ್ಲೋ ಹೋಗಿ ಮಲಗಿದವರ ನಿದ್ದೆಯೆಲ್ಲ ಅವಳ ಬಾಗಿಲ ಹಿಂದೆ ನಿಂತಿದೆ. ಅವಳು ಮಾತ್ರ ಮನೆ ಬಿಟ್ಟು ಬೇರೆ ಕಡೆ ಮಲಗಿದ್ದು ಒಂದೇ ಒಂದು ಕಡೆ: ಅಮ್ಮ ಆಸ್ಪತ್ರೆ ಸೇರಿದಾಗ ವಾರ್ಡಿನ ಮುಂದಿನ ಬೆಂಚಿನ ಮೇಲೆ. ಆ ಬೆಂಚಿಗೆ ಸೀಟೇ ಇರಲಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಪಕ್ಕದ ಗ್ಯಾರೇಜಿನ ಮೇಸ್ತ್ರಿ ತನ್ನ ಜೀಪಿಗೆ ಹಗ್ಗ ಕಟ್ಟಿ ಒಂದು ವಿಚಿತ್ರ ಗಾಡಿಯನ್ನು ಎಳೆದುಕೊಂಡು ಬಂದ. ಮೇಲೆ ಮೊಸರಿನ ಬಣ್ಣ, ಸೊಂಟದಿಂದ ಕೆಳಗೆ ತಿಳಿ ಹಸಿರು. ಬೆರಗಾದ ಮಗುವಿನ ಕಣ್ಣಿನ ಹಾಗೆ ಎರಡು ದುಂಡು ದೀಪ. ಮೂತಿ ಅನ್ನುವುದೇ ಇಲ್ಲ.

ಸೀಟಕ್ಕ ಸೂಜಿ ಹಿಡಿದುಕೊಂಡೇ ಹೊರಗೆ ಬಂದಳು. “ಏನೋ ಮೇಸ್ತ್ರಿ, ಬ್ರೆಡ್ಡಿಗೆ ಗಾಲಿ ಹಾಕ್ಕೊಂಡ್ ಬಂದಿದ್ದೀಯಾ?”

“ಅಕ್ಕ, ಬಾಯಿ ತೊಳ್ಕೊಂಡ್ ಮಾತಾಡು. ಕ್ಯಾಂಪರ್ ವ್ಯಾನ್ ಇದು. ನಲವತ್ತೈದು ವರ್ಷದ್ದು. ಎಂಜಿನ್ ಹಿಂದೆ, ಅಡುಗೆಮನೆ ಮಧ್ಯೆ, ಯಜಮಾನ ಮುಂದೆ. ಇದರ ಮುಂದೆ ಬಂಗಲೆ ಎಲ್ಲ ಏನು ಮಹಾ?”

“ಇಲಿ ಎಲ್ಲಿ?”

“ಇಲಿ ಸೀಟಲ್ಲಿ. ಅದಕ್ಕೇ ತಾನೇ ನಿನ್ನ ಮನೆ ಮುಂದೆ ನಿಲ್ಲಿಸಿರೋದು.”

ಗಾಡಿ ಕೊಂಡವರು ಹಲ್ಲಿನ ಡಾಕ್ಟರು. ಎಲ್ಲೋ ಒಂದು ಕೋಳಿ ಶೆಡ್ಡಿನಲ್ಲಿ ಹದಿನೆಂಟು ವರ್ಷ ನಿಂತಿತ್ತಂತೆ. ಎಂಜಿನ್ನು ಮೇಸ್ತ್ರಿಯ ಪಾಲು. ಸೀಟು, ಹಾಸಿಗೆ, ಪರದೆ, ಒಳಮಾಡಿನ ಬಟ್ಟೆ ಸೀಟಕ್ಕನ ಪಾಲು. ಅವಳು ಪಕ್ಕದ ಬಾಗಿಲನ್ನು ಎಳೆದಳು. ಅದು ಬೇರೆ ಗಾಡಿಗಳ ಬಾಗಿಲಿನ ಹಾಗೆ ತೆರೆಯಲಿಲ್ಲ. ಅಂಗಡಿಯ ಷಟರು ಅಡ್ಡಕ್ಕೆ ಮಲಗಿದ ಹಾಗೆ ಗರಗರ ಎಂದು ಹಿಂದಕ್ಕೆ ಸರಿಯಿತು. ಒಳಗೆ ಎರಡು ಉರಿಯ ಒಲೆ, ಊಟದ ತಟ್ಟೆಯಷ್ಟೇ ಅಗಲದ ಸಿಂಕು, ಪಾತ್ರೆ ಬೀಳದಂತೆ ಅಂಚಿಗೆ ತುಟಿ ಕಟ್ಟಿದ ಕಪಾಟು. ಮೇಲ್ಛಾವಣಿಯನ್ನು ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತಿದರೆ ನೆಟ್ಟಗೆ ನಿಲ್ಲಬಹುದು. ಹಿಂದಿನ ಸೀಟಿನ ಬೆನ್ನು ಮಡಚಿ ಮುಂದಕ್ಕೆಳೆದರೆ ಇಬ್ಬರ ಹಾಸಿಗೆ.

ಅವಳು ಹೊಸ್ತಿಲ ಮೇಲೆ ಕೂತಳು. ಕೋಳಿಯ ವಾಸನೆ, ತುಕ್ಕಿನ ವಾಸನೆ, ಅದರಡಿಯಲ್ಲಿ ಬಿಸಿಲಿಗೆ ಕಾದ ತಗಡಿನ ವಾಸನೆ. ಆ ಮೂರನೆಯದು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸೂಜಿ ಎಲ್ಲಿ ಇಟ್ಟಳೋ ಅವಳಿಗೇ ತಿಳಿಯಲಿಲ್ಲ.

ಅವಳ ಅಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ಜಲ್ಲಿ ಹಾಸಿ, ಡಾಂಬರು ಸುರಿದು, ಅದರ ಮೇಲೆ ಮುಂದೆ ಹಿಂದೆ, ಮುಂದೆ ಹಿಂದೆ. ಸಂಜೆಗೆ ಮನೆ ಸೇರುವಷ್ಟು ವೇಗ ರೋಲರಿಗೆ ಎಲ್ಲಿಂದ ಬರಬೇಕು? ಅದಕ್ಕೆ ಮನೆಯನ್ನೇ ರೋಲರಿನ ಬಾಲಕ್ಕೆ ಕಟ್ಟಿರುತ್ತಿದ್ದರು. ನಾಲ್ಕು ಗಾಲಿಯ ತಗಡಿನ ಡಬ್ಬಿ: ಒಂದು ಕಿಟಕಿ, ಎರಡು ಹಲಗೆ, ಒಂದು ಒಲೆ. ಅಪ್ಪ, ಅಮ್ಮ, ಅವಳು. ರಸ್ತೆ ಎಷ್ಟು ಮುಂದೆ ಹೋಯಿತೋ ಮನೆ ಅಷ್ಟು ಮುಂದೆ. ನಿನ್ನೆ ಕಿಟಕಿಯ ತುಂಬ ಇದ್ದ ಮರ ಇವತ್ತು ಕಿಟಕಿಯ ಅಂಚಿಗೆ, ನಾಳೆ ಬರೀ ನೆನಪಿಗೆ.

“ಅಮ್ಮ, ನಮ್ಮನೆ ಎಲ್ಲಿಗ್ ಹೋಗುತ್ತೆ?”

“ರೋಡ್ ಎಲ್ಲಿಗ್ ಹೋಗುತ್ತೋ ಅಲ್ಲಿಗೆ.”

“ರೋಡ್ ಎಲ್ಲಿಗ್ ಹೋಗುತ್ತೆ?”

“ನಿಮ್ಮಪ್ಪ ಎಲ್ಲಿಗ್ ಹಾಕ್ತಾರೋ ಅಲ್ಲಿಗೆ. ಸುಮ್ನೆ ಮಲಗು.”

ಒಂಬತ್ತು ವರ್ಷದವರೆಗೆ ಅವಳು ಹಾಗೆ ಬೆಳೆದಳು. ಆ ರಸ್ತೆಗಳ ಮೇಲೆ ಇವತ್ತು ನೀವು ಗಂಟೆಗೆ ನೂರರಲ್ಲಿ ಹಾರಿ ಹೋಗುತ್ತೀರಿ. ಅದನ್ನು ಹಾಕಿದವರು ಹೋದದ್ದು ದಿನಕ್ಕೆ ಮುನ್ನೂರು ಗಜ. ಕೊನೆಯ ರಸ್ತೆ ಒಂದು ಕಲ್ಲಿನ ಸೇತುವೆಯ ಹತ್ತಿರ, ತಿರುವಿನಲ್ಲಿ ಮುಗಿಯಿತು. ಅಪ್ಪನನ್ನು ಡಿಪೋ ಕೆಲಸಕ್ಕೆ ಹಾಕಿದರು. ಡಬ್ಬಿ ಮನೆಯ ಕೊಂಡಿ ಕಳಚಿ ಅಲ್ಲೇ ಸೇತುವೆಯ ಪಕ್ಕ ಬಿಟ್ಟರು. ಅವಳು ಬಸ್ಸಿನ ಹಿಂದಿನ ಗಾಜಿನಿಂದ ಅದನ್ನು ನೋಡುತ್ತಾ ಬಂದಳು. ಜೀವನದಲ್ಲಿ ಮೊದಲ ಸಲ ಅವಳು ಹೋಗುತ್ತಿದ್ದಳು, ಮನೆ ನಿಂತಿತ್ತು.

ಆಮೇಲೆ ಏಳು ಬಾಡಿಗೆ ಮನೆ. ಒಂದನ್ನಾದರೂ ಅವಳಾಗಿ ಬಿಟ್ಟದ್ದಿಲ್ಲ. ಮಗಳ ಮದುವೆ ಅಂದರು, ಮಗ ವಾಪಸ್ ಬರುತ್ತಾನೆ ಅಂದರು, ಗೋಡೆ ಒಡೆದು ಅಂಗಡಿ ಮಾಡುತ್ತೇವೆ ಅಂದರು. ಒಬ್ಬರಂತೂ ಕಾರಣ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಪ್ರತಿ ಸಲವೂ ಪಾತ್ರೆ ಗಂಟು ಕಟ್ಟುವಾಗ ಅವಳಿಗೆ ಅನ್ನಿಸುತ್ತಿತ್ತು: ಹೋಗುವುದಕ್ಕೆ ನನಗೇನೂ ಬೇಜಾರಿಲ್ಲ, ಹೋಗು ಅಂತ ಇನ್ನೊಬ್ಬರು ಹೇಳಬಾರದು, ಅಷ್ಟೇ.

ಇಂಥ ಹಳೆ ವ್ಯಾನಿನಲ್ಲಿ ಅಂಥದ್ದೇನಿದೆ, ಜನ ಯಾಕೆ ಅದಕ್ಕೆ ಮರುಳಾಗುತ್ತಾರೆ ಎಂದು ಕೇಳುವವರಿದ್ದಾರೆ. ಏರು ಬಂದರೆ ಏದುಸಿರು, ಗಾಳಿ ಬೀಸಿದರೆ ಓಲಾಟ, ಬೇಸಗೆಯಲ್ಲಿ ಒಳಗೆ ಕಾದ ಕಾವಲಿ. ಬಿಡಿಭಾಗ ಬೇಕೆಂದರೆ ಊರೆಲ್ಲ ಅಲೆಯಬೇಕು. ಸೀಟಕ್ಕನನ್ನು ಕೇಳಿದ್ದರೆ ಹೇಳುತ್ತಿದ್ದಳು. ಹತ್ತು ನಿಮಿಷದಲ್ಲಿ ಗುಡಿಸಿ ಮುಗಿಯುವ ಮನೆ ಅದು. ಚಮಚಕ್ಕೂ ಒಂದು ಜಾಗ, ಚಾದರಕ್ಕೂ ಒಂದು ಜಾಗ, ಹುಡುಕಾಟವೇ ಇಲ್ಲ. ನಿಲ್ಲಿಸಿದಲ್ಲಿ ಅಂಗಳ. ಕಿಟಕಿಗೆ ಇಷ್ಟೇ ಎಂದು ಒಂದು ನೋಟವನ್ನು ಮೊಳೆ ಹೊಡೆದು ಕೂರಿಸಿಲ್ಲ. ಖಾಲಿ ಮಾಡಿ ಎಂದು ಯಾರಾದರೂ ಬಾಗಿಲು ಬಡಿದರೆ, ಆಯ್ತು ಎಂದು ಕೀಲಿ ತಿರುಗಿಸಿದರಾಯಿತು. ಮನೆಯೇ ನಿಮ್ಮ ಜೊತೆ ಎದ್ದು ಬರುತ್ತದೆ.

ಆದರೆ ಅವಳನ್ನು ಯಾರೂ ಕೇಳಲಿಲ್ಲ.

ಕೆಲಸ ಮೂರು ತಿಂಗಳು ನಡೆಯಿತು. ಹಾಸಿಗೆ ಕತ್ತರಿಸುವ ಹೊತ್ತು ಬಂದಾಗ ಸೀಟಕ್ಕ ಡಾಕ್ಟರಿಗೆ ಫೋನು ಮಾಡಿದಳು. “ಡಾಕ್ಟ್ರೇ, ಒಂದು ಸಲ ಬಂದು ಮಲಗಬೇಕಿತ್ತು.”

“ಎಲ್ಲಿ ಅಮ್ಮ ಪುರುಸೊತ್ತು? ಕುರ್ಚಿ ತುಂಬ ಪೇಷಂಟು. ನೋಡೋಣ, ಈ ವಾರ.”

ಆ ವಾರ ಹೋಯಿತು. ಮುಂದಿನ ವಾರವೂ ಅದೇ ನೋಡೋಣ. ಮೂರನೇ ಸಲ ಅವರು ನಗುತ್ತಾ ಹೇಳಿದರು: “ನೀವೇ ಒಂದು ಅಂದಾಜಲ್ಲಿ ಕತ್ತರಿಸಿಬಿಡಿ ಅಮ್ಮ. ನಿಮಗೆ ಗೊತ್ತಿಲ್ದೇ ಇರೋದಾ?”

ಅಂದಾಜಿನಲ್ಲಿ ಅವಳು ಇದುವರೆಗೆ ಒಂದು ಹಾಸಿಗೆಯನ್ನೂ ಕತ್ತರಿಸಿದವಳಲ್ಲ. ಯಾರಾದರೂ ಮಲಗಲೇಬೇಕು. ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ, ನೆಲಕ್ಕೆ ಕಂದು ಕಾಗದ ಹಾಸಿ, ಅವಳೇ ಮಲಗಿದಳು. ಕಣ್ಣು ಮುಚ್ಚಿದಳು. ಐದು ನಿಮಿಷ ಕಾಯಬೇಕಾಗಲಿಲ್ಲ. ಬಲಗೈ ತಾನಾಗಿ ಕೆನ್ನೆಯ ಅಡಿಗೆ ಹೋಯಿತು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ತನ್ನ ಸುತ್ತ ತಾನೇ ಗೆರೆ ಎಳೆದುಕೊಂಡಳು.

ಅದೇ ಹೊತ್ತಿಗೆ ಊಟದ ಡಬ್ಬಿ ಹಿಡಿದು ಗಂಡ ಬಗ್ಗಿ ಒಳಗೆ ಬಂದ. ಅವನು ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಮೂವತ್ತೊಂದು ವರ್ಷ ಒಂದೇ ರೂಟು.

“ಏ, ಏನಾಯ್ತೇ? ಬಿದ್ಯಾ?”

“ಬಿದ್ದಿಲ್ಲ. ಬನ್ನಿ, ಪಕ್ಕದಲ್ಲಿ ಮಲಗಿ.”

“ಹಾಡಹಗಲೇ? ಬ್ಯಾಟರಿ ಅಂಗಡಿಯವನು ನೋಡಿದ್ರೆ ಏನಂದ್ಕೊಂಡಾನು?”

“ಅಳತೆಗೆ ರೀ.”

“ನನ್ನ ಹೆಣಕ್ಕೆ ಈಗ್ಲೇ ಅಳತೆ ತಗೋತೀಯಾ? ಪೆನ್ಷನ್ ಇನ್ನೂ ಬರ್ತಾ ಇದೆ ಕಣೇ.”

ಬೈಯುತ್ತಲೇ ಮಲಗಿದ. ಮಲಗಿದವನು ಎರಡು ನಿಮಿಷದಲ್ಲಿ ನಿದ್ದೆ ಹೋದ. ಕಂಡಕ್ಟರುಗಳಿಗೆ ಆ ವಿದ್ಯೆ ಕರಗತ. ಎದ್ದಾಗ ಕಾಗದದ ಮೇಲೆ ಒಬ್ಬರ ಪಕ್ಕ ಒಬ್ಬರು, ಬಿಳಿ ಗೆರೆಯಲ್ಲಿ, ಇಬ್ಬರು ಮಲಗಿದ್ದರು. ಇಬ್ಬರೂ ಕುಳ್ಳರು. ಹಾಸಿಗೆ ಒಂದು ಗೇಣು ಗಿಡ್ಡವಾಯಿತು. ಕಾಲ ಕಡೆ ಉಳಿದ ಜಾಗಕ್ಕೆ ಅವಳು ಮೇಸ್ತ್ರಿಯ ಕೈಯಲ್ಲಿ ಒಂದು ಪುಟ್ಟ ಹಲಗೆ ಬಿಗಿಸಿದಳು, ಕೆಟಲ್ ಇಡಲು.

ತಪ್ಪು ಅಲ್ಲೇ ಆದದ್ದು. ಮೂವತ್ತು ವರ್ಷ ಬೇರೆಯವರ ಅಳತೆ ತಪ್ಪದವಳು, ಈ ಸಲ ಗಾಡಿ ಯಾರದ್ದು ಎಂಬುದನ್ನೇ ಮರೆತಳು. ಮರೆತಳೋ, ಮರೆಯಬೇಕೆಂದೇ ಮರೆತಳೋ, ಅದನ್ನು ಕೇಳುವ ಹಕ್ಕು ನನಗಂತೂ ಇಲ್ಲ.

ಆ ಸಾಲಿನ ಗ್ಯಾರೇಜುಗಳಲ್ಲಿ ಒಂದು ಪದ್ಧತಿಯಿದೆ: ರಿಪೇರಿ ಮುಗಿದ ಗಾಡಿಯನ್ನು ಟ್ರಯಲ್ ಓಡಿಸದೆ ಯಜಮಾನರಿಗೆ ಒಪ್ಪಿಸುವುದಿಲ್ಲ. ಮಲಗುವ ಗಾಡಿಯಾದರೆ ದೂರ ಹೋಗಿ, ಒಂದು ರಾತ್ರಿ ನಿಲ್ಲಿಸಿ, ಎಲ್ಲಿ ಸೋರುತ್ತದೆ, ಯಾವ ಕೀಲು ಕಿರಗುಟ್ಟುತ್ತದೆ ಎಂದು ನೋಡಿಕೊಂಡು ಬರಬೇಕು. ಸೀಟಕ್ಕ ಎರಡು ದಿನ ಮೇಸ್ತ್ರಿಯ ಗ್ಯಾರೇಜಿನ ಮುಂದೆ ಸುಮ್ಮನೆ ಓಡಾಡಿದಳು. ಮೂರನೇ ದಿನ ಬಾಯಿಬಿಟ್ಟಳು.

“ಮೇಸ್ತ್ರಿ, ಈ ಸಲದ ಟ್ರಯಲ್ಲಿಗೆ ನಾನು ಬರ್ತೀನಿ.”

“ನೀನಾ? ಯಾಕಕ್ಕ, ಸೀಟು ಓಡಿಹೋಗುತ್ತೆ ಅಂತ ಭಯಾನಾ?”

“ನಾನೂ ನಮ್ಮ ಯಜಮಾನ್ರೂ. ಹಾಸಿಗೆಯಲ್ಲಿ ನಾವು ಮಲಗ್ತೀವಿ. ನೀನು ಮುಂದೆ ಸೀಟಲ್ಲಿ ಮಲಗು. ಕಲ್ಲಿನ ಸೇತುವೆ ಹತ್ತಿರ ಒಂದು ತಿರುವಿದೆ, ಅಲ್ಲಿ ನಿಲ್ಸು.”

ಮೇಸ್ತ್ರಿ ಕೈಗೆ ಅಂಟಿದ ಗ್ರೀಸನ್ನು ಒರೆಸುತ್ತಾ ಅವಳ ಮುಖ ನೋಡಿದ. ‘ನೋಡೋಣ’ ಎನ್ನಲು ಬಾಯಿ ತೆರೆದವನು ಅದನ್ನು ನುಂಗಿಕೊಂಡ. “ಭಾನುವಾರ ಬೆಳಗ್ಗೆ ಆರಕ್ಕೆ. ಕೆಟಲ್ ನಿಂದು, ಪೆಟ್ರೋಲ್ ಡಾಕ್ಟ್ರದು.”

ಅವಳ ಜೀವನದಲ್ಲಿ ಒಬ್ಬರು ಒಂದು ದಿನದ ಹೆಸರು ಹಿಡಿದು ಹೇಳಿದ್ದು ಅದೇ ಮೊದಲು. ಆ ವಾರವಿಡೀ ಅವಳ ಯಂತ್ರದ ಸದ್ದೇ ಬೇರೆ ಇತ್ತು ಎಂದು ಬಣ್ಣದವನು ಆಣೆ ಮಾಡಿ ಹೇಳುತ್ತಾನೆ.

ಗಂಡ ಮಾತ್ರ ಮೂಗು ಮುರಿದ. “ಮೂವತ್ತೊಂದು ವರ್ಷ ತಿರುಗಿದ್ದು ಸಾಲದಾ ನಂಗೆ?”

“ಈ ಸ್ಟ್ಯಾಂಡಿಂದ ಆ ಸ್ಟ್ಯಾಂಡಿಗೆ, ಆ ಸ್ಟ್ಯಾಂಡಿಂದ ಈ ಸ್ಟ್ಯಾಂಡಿಗೆ. ಅದಕ್ಕೆ ತಿರುಗಾಟ ಅಂತಾರಾ? ಉಯ್ಯಾಲೆ ಅಂತಾರೆ.”

ಅವನು ಮುಖ ಊದಿಸಿಕೊಂಡು ಪೇಪರು ಬಿಡಿಸಿದ. ಆದರೆ ಶುಕ್ರವಾರ ಸಂಜೆ ಅವಳು ಚೀಲ ತುಂಬುವಾಗ—ಕೆಟಲ್, ಎರಡು ಲೋಟ, ಒಂದು ಚಾದರ—ತಳದಲ್ಲಿ ಏನೋ ಗಟ್ಟಿಯಾಗಿ ತಗುಲಿತು. ತೆಗೆದು ನೋಡಿದರೆ ಅವನ ಹಳೆಯ ಸೀಟಿ, ಹೊಸ ದಾರ ಪೋಣಿಸಿದ್ದು.

“ಇದ್ಯಾಕೆ ರೀ?”

“ಸೀಟಿ ಊದದೆ ಗಾಡಿ ಹೇಗೇ ಬಿಡ್ತಾರೆ?” ಅಂದ, ಪೇಪರಿನ ಹಿಂದಿನಿಂದ.

ಶನಿವಾರ ಮಧ್ಯಾಹ್ನ ಡಾಕ್ಟರು ಬಂದರು. ಬರುತ್ತೇನೆಂದು ಹೇಳಿರಲಿಲ್ಲ. ಭಾನುವಾರ ಹಳೇ ವಾಹನಗಳ ಪ್ರದರ್ಶನವಿದೆಯಂತೆ, ಕೊನೆ ಗಳಿಗೆಯಲ್ಲಿ ಜಾಗ ಸಿಕ್ಕಿತಂತೆ. ಜೊತೆಗೆ ಒಂದು ಟ್ರಕ್ಕನ್ನೂ ತಂದಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಬಾಗಿಲೆಳೆದು ಒಳಗೆ ನೋಡಿದರು. ಸೀಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು, ಪರದೆ ಸರಿಸಿದರು, ಮತ್ತೆ ಮುಚ್ಚಿದರು. “ಅಮ್ಮ, ಚಿಕ್ಕವನಿದ್ದಾಗ ನಮ್ಮ ರಸ್ತೆಯಲ್ಲಿ ಇಂಥದ್ದೊಂದು ಒಂದು ದಿನ ನಿಂತಿತ್ತು. ಮಾರನೇ ದಿನ ನೋಡಿದ್ರೆ ಇಲ್ಲ. ಅವತ್ತಿಂದ ಇದು ಬೇಕು ಅಂತ...” ಆಮೇಲೆ ಷೂ ಬಿಚ್ಚಿ, ಹಾಸಿಗೆ ಎಳೆದು, ಮಲಗಿದರು.

ಟಕ್ಕೆಂದು ಸದ್ದಾಯಿತು. ಅವರ ಎರಡೂ ಪಾದ ಕೆಟಲ್ಲಿನ ಹಲಗೆಗೆ ಬಡಿದಿದ್ದವು.

“ಇದೇನಮ್ಮ, ಇಷ್ಟು ಗಿಡ್ಡ? ಯಾರ ಅಳತೆ ಇದು?”

ಮೇಸ್ತ್ರಿ ನೆಲ ನೋಡಿದ. ಫೋಮು ಕಡಿಮೆ ಬಿತ್ತು ಎಂದೋ, ಗಾಡಿಯೇ ಹೀಗೆ ಎಂದೋ ಹೇಳಿದ್ದರೆ ಡಾಕ್ಟರು ನಂಬುತ್ತಿದ್ದರು. ಸೀಟಕ್ಕನ ಬಾಯಿಗೆ ಆ ಸುಳ್ಳು ಬರಲಿಲ್ಲ.

“ನಂದು,” ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಏನೋ ತಮಾಷೆ ಇರಬೇಕೆಂದು ನಕ್ಕರು. “ಸರಿಮಾಡಿ ಕೊಡ್ತೀರಲ್ಲ? ಐದು ಗಂಟೆಗೆ ಟ್ರಕ್ ಹೊರಡಬೇಕು.”

“ಡಾಕ್ಟ್ರೇ, ಟ್ರಯಲ್ ಆಗಿಲ್ಲ,” ಅಂದ ಮೇಸ್ತ್ರಿ. “ನಾಳೆ ಬೆಳಗ್ಗೆ ಅಂತ ಮಾತಾಗಿತ್ತು. ಅಕ್ಕನೂ ಬರ್ತಾಳೆ ಅಂತ...”

“ಟ್ರಯಲ್ ಆಮೇಲೆ ಮಾಡೋಣ ಮೇಸ್ತ್ರಿ. ಓಡಿಸೋದೇ ಇಲ್ವಲ್ಲ ಈಗ, ಟ್ರಕ್ ಮೇಲೆ ತಾನೇ ಹೋಗೋದು? ಅಮ್ಮ, ನಿಮ್ಮನ್ನೂ ಒಂದ್ಸಲ ಕರ್ಕೊಂಡು ಹೋಗೋಣವಂತೆ. ನೋಡೋಣ.”

ಅವಳು ಒಳಗೆ ಹೋಗಿ ಒಂದು ಗೇಣಿನ ತುಂಡು ಕತ್ತರಿಸಿದಳು. ಕೆಟಲ್ ಹಲಗೆಯನ್ನು ಮೇಸ್ತ್ರಿ ಬಿಚ್ಚಿದ. ಆ ತುಂಡನ್ನು ಹಾಸಿಗೆಗೆ ಸೇರಿಸಿ ಹೊಲಿದುಬಿಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಅವಳು ಹೊಲಿಯಲಿಲ್ಲ. ಅಂಚಿಗೆ ಎರಡು ಕಾಜಾ ಮಾಡಿ, ಎರಡು ದೊಡ್ಡ ಗುಂಡಿ ಹಾಕಿ, ಮೇಲೆ ಬಟ್ಟೆ ಮಡಚಿ ಗುಂಡಿ ಕಾಣದಂತೆ ಮುಚ್ಚಿದಳು. ಎರಡು ಗುಂಡಿ ಬಿಚ್ಚಿದರೆ ಹಾಸಿಗೆ ಮತ್ತೆ ಅವಳ ಅಳತೆ. ಇದು ಡಾಕ್ಟರಿಗೆ ಗೊತ್ತಿಲ್ಲ. ಮೇಸ್ತ್ರಿಗೂ ಗೊತ್ತಿಲ್ಲ.

ಐದು ಗಂಟೆಗೆ ನಾಲ್ಕು ಗಾಲಿಯ ಮನೆ ಆರು ಗಾಲಿಯ ಟ್ರಕ್ಕಿನ ಬೆನ್ನೇರಿ, ಹಗ್ಗ ಬಿಗಿಸಿಕೊಂಡು, ಹಿಂದಿನ ಗಾಜು ತೋರಿಸುತ್ತಾ ಸಾಲಿನಿಂದ ಹೊರಟಿತು. ಅವಳು ನಿಂತಿದ್ದಳು, ಮನೆ ಹೋಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಡ ಯಾವಾಗ ಬಂದು ಪಕ್ಕದಲ್ಲಿ ನಿಂತನೋ. ನಾಳೆಗೆಂದು ಇಟ್ಟಿದ್ದ ಅಂಗಿ ಹೇಗಿದೆ ತೋರಿಸೋಣ ಎಂದು ಇವತ್ತೇ ಹಾಕಿಕೊಂಡು ಬಂದಿದ್ದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

“ಬಸ್ಸಲ್ಲಿ ಹೋಗಿ ಬರೋಣ್ವಾ, ಆ ಸೇತುವೆಗೆ?” ಅಂದ. “ನಂಗೆ ಪಾಸ್ ಇದೆ.”

“ಬಸ್ಸಲ್ಲಿ ಹೋದ್ರೆ ಸಂಜೆ ವಾಪಸ್ ಬರ್ಬೇಕಲ್ಲ ರೀ,” ಅಂದಳು. “ನಂಗೆ ಅಲ್ಲಿ ಏಳ್ಬೇಕು.”

ಎಂಟು ತಿಂಗಳಾಯಿತು. ಕಂದು ಕಾಗದದ ಆ ಸುರುಳಿಯನ್ನು ಅವಳು ಬೇರೆಯವುಗಳ ಜೊತೆ ಇಡಲಿಲ್ಲ. ಯಂತ್ರದ ಹಿಂದೆ, ಗೋಡೆಗೆ ತಾಗಿಸಿ ಇಟ್ಟಳು. ಒಂದು ದಿನ ಡಾಕ್ಟರ ಫೋನು ಬಂತು. ಪರದೆಯ ಕೊಂಡಿಯೊಂದು ಕಳಚಿದೆ, ಬಂದು ಹಾಕಿಕೊಡಲಾದೀತೇ ಎಂದು. ಎರಡು ಬಸ್ ಬದಲಾಯಿಸಿ ಹೋದಳು.

ಗಾಡಿ ಅವರ ಮನೆಯ ಪಕ್ಕದಲ್ಲಿ, ಗೇಟಿನೊಳಗೆ, ಬೂದು ಬಣ್ಣದ ಹೊದಿಕೆ ಹೊದ್ದು ನಿಂತಿತ್ತು. ಹೊದಿಕೆಯ ಮೇಲೆ ಎಲೆ ಉದುರಿ, ನೆನೆದು, ಒಣಗಿ, ಮತ್ತೆ ಉದುರಿ ಪದರ ಕಟ್ಟಿತ್ತು. ಗಾಲಿಗಳಲ್ಲಿ ಗಾಳಿ ಇಳಿದು ಗಾಡಿ ಸ್ವಲ್ಪ ಕುಕ್ಕರಿಸಿದ ಹಾಗೆ ಕಾಣುತ್ತಿತ್ತು. ಅವಳು ಹೊದಿಕೆ ಸರಿಸಿ ಬಾಗಿಲೆಳೆದಳು. ಮೊದಲು ಹೋಗಿ ನೋಡಿದ್ದು ಪರದೆಯನ್ನಲ್ಲ, ಸ್ಟಿಯರಿಂಗಿನ ಹಿಂದಿನ ಮೀಟರನ್ನು. ಅವತ್ತು ಟ್ರಕ್ಕಿಗೆ ಏರಿಸುವಾಗ ಅವಳು ನೋಡಿಟ್ಟುಕೊಂಡಿದ್ದ ಕೊನೆಯ ಮೂರು ಅಂಕಿ ಆರು, ಒಂದು, ನಾಲ್ಕು. ಈಗಲೂ ಆರು, ಒಂದು, ನಾಲ್ಕು.

ಒಂದೇ ಒಂದು ಅಂಕಿಯೂ ಕದಲಿರಲಿಲ್ಲ.

ಕೊಂಡಿ ಹಾಕಲು ಐದು ನಿಮಿಷ ಬೇಕಾಯಿತು. ಆಮೇಲೆ ಅವಳು ಹಾಸಿಗೆ ಎಳೆದಳು, ಬಟ್ಟೆಯ ಮಡಿಕೆ ಎತ್ತಿದಳು, ಎರಡು ಗುಂಡಿ ಬಿಚ್ಚಿದಳು. ಚಪ್ಪಲಿ ಬಿಟ್ಟು ಮಲಗಿದಳು. ಕಣ್ಣು ಮುಚ್ಚಿದಳು. ಬಲಗೈ ಕೆನ್ನೆಯ ಅಡಿಗೆ ಹೋಯಿತು. ಪಾದದ ತುದಿ ಸರಿಯಾಗಿ ಹಾಸಿಗೆಯ ತುದಿಗೆ ಬಂತು, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಕಿಟಕಿಯಲ್ಲಿ ಬರೀ ಬೂದು ಹೊದಿಕೆ.

ಡಾಕ್ಟರು ತಾವೇ ಟೀ ಹಿಡಿದು ಬಂದಾಗ ಅವಳು ಎದ್ದು ಕೂತಿದ್ದಳು. ಅವರ ಮುಖ ಬಾಡಿತ್ತು. “ಒಂದ್ಸಲಾನೂ ತೆಗೆಯೋಕೆ ಆಗಿಲ್ಲ ಅಮ್ಮ. ದಿನಾ ಬೆಳಗ್ಗೆ ಕಿಟಕಿಯಿಂದ ನೋಡ್ತೀನಿ, ಕ್ಲಿನಿಕ್ಕಿಗೆ ಹೋಗ್ತೀನಿ. ಈ ವರ್ಷ ಹೇಗಾದ್ರೂ ರಜ ಹಾಕಿ ಹೋಗ್ಬೇಕು.”

“ಡಾಕ್ಟ್ರೇ, ಒಂದು ಮಾತು ಕೇಳ್ಲಾ?”

“ಕೇಳಿ ಅಮ್ಮ.”

“ಮೇಸ್ತ್ರಿ ಓಡಿಸ್ತಾನೆ. ನಾನೂ ನಮ್ಮ ಯಜಮಾನ್ರೂ ಒಂದು ರಾತ್ರಿ. ಟ್ರಯಲ್ ಬಾಕಿ ಇತ್ತಲ್ಲ, ಅದು. ಬೆಳಗ್ಗೆ ತಂದು ಇಲ್ಲೇ ನಿಲ್ಲಿಸ್ತೀವಿ, ಎಲೆ ಬೇಕಾದ್ರೆ ಮತ್ತೆ ಮೇಲೆ ಹಾಕ್ತೀನಿ.”

ಡಾಕ್ಟರು ನಕ್ಕರು. ನಿಜವಾಗಿ ಸಂತೋಷದಿಂದಲೇ ನಕ್ಕರು. “ಅಯ್ಯೋ, ಅದಕ್ಕೇನಮ್ಮ! ಖಂಡಿತ. ನೋಡೋಣ.”

“ಯಾವತ್ತು?”

ಅವರು ಕೈಯಲ್ಲಿದ್ದ ಟೀ ಲೋಟ ನೋಡಿದರು. ದಿನಕ್ಕೆ ಇಪ್ಪತ್ತು ಜನರ ಬಾಯಿ ತೆರೆಸುವ ಮನುಷ್ಯನ ಬಾಯಿಂದ ಒಂದು ವಾರದ ಹೆಸರು ಹೊರಡಲಿಲ್ಲ. ಆಗುವುದಿಲ್ಲ ಎಂದಿದ್ದರೆ ಅವಳು ಎದ್ದು ಬರುತ್ತಿದ್ದಳು, ಸಿಟ್ಟು ಮಾಡಿಕೊಳ್ಳುತ್ತಿದ್ದಳು, ಮರೆಯುತ್ತಿದ್ದಳು. ಕೆಟ್ಟವರು ಇಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಒಳ್ಳೆಯವರು ನೋಡೋಣ ಎನ್ನುತ್ತಾರೆ. ಆ ಒಂದು ಮಾತಿನ ಹೊಸ್ತಿಲ ಮೇಲೆ ಮನುಷ್ಯರು ಮೂವತ್ತು ವರ್ಷ ಕೂರುತ್ತಾರೆ.

ಅವಳು ಟೀ ಕುಡಿದಳು. ಲೋಟ ತೊಳೆದಿಟ್ಟಳು. ಬಿಚ್ಚಿದ ಗೇಣಿನ ತುಂಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಅದೇನಮ್ಮ?”

“ಹಾಸಿಗೆಯ ಒಂದು ಚೂರು. ಹೊಲಿಗೆ ಸರಿಮಾಡ್ಬೇಕು. ನೀವು ಮಲಗೋ ದಿನ ಫೋನ್ ಮಾಡಿ, ತಂದು ಹಾಕ್ತೀನಿ.”

ಇದಾಗಿ ನಾಲ್ಕು ತಿಂಗಳು. ಫೋನು ಬಂದಿಲ್ಲ. ಅಂದರೆ ಆ ಹಾಸಿಗೆಯಲ್ಲಿ ಯಾರೂ ಮಲಗಿಲ್ಲ. ಮಲಗಿದ್ದರೆ ಕಾಲು ಹೇಳುತ್ತಿತ್ತು. ಹೊದಿಕೆಯ ಅಡಿಯಲ್ಲಿ, ಗಾಳಿಯಿಲ್ಲದ ನಾಲ್ಕು ಗಾಲಿಯ ಮೇಲೆ, ಆ ಗಾಡಿ ಈಗ ಸೀಟಕ್ಕನ ಅಳತೆಯಲ್ಲಿ ನಿಂತಿದೆ. ತುಂಡು ಅವಳ ಅಂಗಡಿಯಲ್ಲಿ, ಇಬ್ಬರು ಮಲಗಿದ ಕಾಗದದ ಸುರುಳಿಯ ಪಕ್ಕದಲ್ಲಿದೆ. ಅದರ ಮೇಲೆ ಹೊಸ ದಾರದ ಸೀಟಿ. ಅವಳ ಕಣ್ಣು ಈಗೀಗ ಸೂಜಿಗೆ ದಾರ ಪೋಣಿಸಲು ತಡಕಾಡುತ್ತದೆ. ಗಂಡನ ಮಂಡಿ ಎತ್ತರದ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಸೇತುವೆಯ ಹತ್ತಿರದ ತಿರುವು ಅಲ್ಲೇ ಇದೆ, ಅದಕ್ಕೇನೂ ಅವಸರವಿಲ್ಲ. ಅವಸರ ಇರುವುದು ಇವರಿಗೆ.

ಡಾಕ್ಟರೇ, ಬಾಡಿದ ಮುಖ ಹೊತ್ತು ಇದನ್ನು ಓದುತ್ತಿದ್ದರೆ, ಪೇಪರು ಕೆಳಗಿಡಿ. ಓದುತ್ತಿರುವ ಉಳಿದವರೂ ಇದು ಡಾಕ್ಟರಿಗೆ ಹೇಳಿದ್ದು ಎಂದು ಪುಟ ಮಗುಚಬೇಡಿ. ಗೇಟಿನೊಳಗೆ, ಮಹಡಿಯ ಮೇಲೆ, ಬೀಗ ಹಾಕಿದ ಕೋಣೆಯಲ್ಲಿ ನೀವು ಹೊದಿಸಿಟ್ಟದ್ದೂ ಒಂದಿದೆ. ಅದನ್ನು ಮಾಡಿಕೊಟ್ಟ ಕೈ ಯಾರದ್ದೆಂದು ನಿಮಗೆ ಗೊತ್ತಿದೆ, ಆ ಕೈಯವರು ಒಮ್ಮೆ ಕೇಳಿದ್ದೂ, ನೀವು ನಕ್ಕಿದ್ದೂ ನೆನಪಿದೆ. ಎದ್ದು ಹೋಗಿ ಹೊದಿಕೆ ಎಳೆಯಿರಿ. ಗಾಲಿಗೆ ಗಾಳಿ ಹಿಡಿಸಿ. ಫೋನು ಮಾಡಿ. ನೋಡೋಣ ಅನ್ನಬೇಡಿ. ಯಾವತ್ತು ಅಂತ ಹೇಳಿ.